ಫ್ರಿಜ್ ಇಲ್ಲದ ಹಾಯಿದೋಣಿಯಲ್ಲಿ ಆಹಾರ ಸಂಗ್ರಹಣೆ ಮತ್ತು ತಯಾರಿಕೆ

ದಡದಿಂದ ದೂರದಲ್ಲಿ ವೈದ್ಯಕೀಯ ನೆರವು ತಕ್ಷಣ ದೊರೆಯದಿರುವುದರಿಂದ, ಕೆಟ್ಟ ಆಹಾರದ ಸೇವನೆ ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಆದುದರಿಂದ ಪ್ರಯಾಣಿಕರು ಈ ಕೆಳಕಂಡ ಕ್ರಮಗಳನ್ನು ಅನುಸರಿಸತಕ್ಕದ್ದು.

1. ಅಕ್ಕಿ, ಬೇಳೆ, ಹಿಟ್ಟುಗಳನ್ನು ತೇವ ತಗುಲದಂತೆ ಬಿಗಿ ಮುಚ್ಚಳದ ಡಬ್ಬಿಗಳಲ್ಲಿ ಇಡುವುದು.

2. ಈರುಳ್ಳಿ ಮತ್ತು ಆಲೂಗಡ್ಡೆಯನ್ನು ಗಾಳಿಯಾಡುವ ಒಣ ಸ್ಥಳದಲ್ಲಿ ಪ್ರತ್ಯೇಕವಾಗಿ ಇಟ್ಟು, ಕೊಳೆತವುಗಳನ್ನು ಪ್ರತಿದಿನ ತೆಗೆಯುವುದು.

3. ಬಿರುಕಿಲ್ಲದ ತಾಜಾ ಮೊಟ್ಟೆಗಳನ್ನೇ ಒಯ್ಯುವುದು. ತೊಳೆದ ಅಥವಾ ಫ್ರಿಜ್‌ನಲ್ಲಿ ಇಟ್ಟಿದ್ದ ಮೊಟ್ಟೆಗಳು ಬೇಗನೆ ಕೆಡುತ್ತವೆ.

4. ಉಬ್ಬಿದ ಅಥವಾ ಸೋರುವ ತವರದ ಡಬ್ಬಿಗಳ ಆಹಾರವನ್ನು ರುಚಿ ಸಹ ನೋಡಬಾರದು.

5. ಒಂದು ಹೊತ್ತಿಗೆ ಸಾಕಾಗುವಷ್ಟು ಮಾತ್ರ ಅಡುಗೆ ಮಾಡುವುದು. 5 ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಶೀಘ್ರವಾಗಿ ವೃದ್ಧಿಸುವುದರಿಂದ, ಬೇಯಿಸಿದ ಆಹಾರವನ್ನು 2 ಗಂಟೆಯೊಳಗೆ ಸೇವಿಸತಕ್ಕದ್ದು.

ವಿಶೇಷ ಸೂಚನೆ: ಉಳಿದ ಅನ್ನದಲ್ಲಿ ಉಂಟಾಗಬಹುದಾದ ವಿಷವು ಪುನಃ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಅಂತಹ ಅನ್ನವನ್ನು ಬಿಸಾಡುವುದೇ ಕ್ಷೇಮ.