ಗೂಟ ಕಿತ್ತ ಮೇಲೆ ಉಳಿದ ತೂತು

ಗೂಟದ ಕಾರು ಅಂದ್ರೆ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಿಳಿ ಅಂಬಾಸಿಡರ್, ನೆತ್ತಿಯ ಮೇಲೆ ಕೆಂಪು ದೀಪ. ಅದು ಬಂತು ಅಂದ್ರೆ ರಸ್ತೆ ಬದಿ ನಿಂತವರು ಇನ್ನಷ್ಟು ಬದಿಗೆ ಸರೀಬೇಕು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ದೀಪ ಸಂವಿಧಾನದ ಉನ್ನತ ಹುದ್ದೆಯವರಿಗಷ್ಟೇ ಸಾಕು ಅಂತ ಹೇಳಿತು. 2017ರ ಮೇ 1ರಿಂದ ರಾಷ್ಟ್ರಪತಿ, ಪ್ರಧಾನಿ ಸೇರಿದಂತೆ ಅವರಿಗೂ ಇಲ್ಲವಾಯಿತು. ಆ ದಿನ ಕಾರ್ಮಿಕರ ದಿನ. ಅಷ್ಟರಲ್ಲೇ ಮಂತ್ರಿಗಳು ತಮ್ಮ ಕೈಯಾರೆ ದೀಪ ಕೀಳುವ ಫೋಟೋಗಳು ಪೇಪರಿನಲ್ಲಿ ಬಂದಿದ್ದವು. ಕಿತ್ತ ಮೇಲೆ ತಗಡಿನಲ್ಲಿ ಉಳಿದ ತೂತಿನ ಫೋಟೋ ಯಾರಿಗೆ ಬೇಕು? ನಾವು ಬರೆಯಹೊರಟಿರುವುದು ಆ ತೂತಿನ ಚರಿತ್ರೆಯನ್ನು.

ಎಲ್ಲ ಗೂಟಗಳೂ ತೂತು ಬಿಡಲಿಲ್ಲ. ಕೆಲವು ಅಯಸ್ಕಾಂತದಿಂದ ಕಚ್ಚಿಕೊಂಡಿದ್ದವು, ಎತ್ತಿದರೆ ಬಂದವು. ಬೋಲ್ಟು ಹಾಕಿ ಕೂರಿಸಿದವು ಮಾತ್ರ ಬೋಲ್ಟಿನ ತೂತು, ನಡುವೆ ವೈರು ಇಳಿಸಿದ ತೂತು ಬಿಟ್ಟುಹೋದವು. ಬಾನೆಟ್ಟಿನ ಮೇಲೆ ಬಾವುಟದ ಕಡ್ಡಿಯದೊಂದು, ಏರಿಯಲ್ಲಿನದೊಂದು, ಹಳೇ ಕನ್ನಡಿಯದೊಂದು. ಅಧಿಕಾರ ಇಳಿದುಹೋದರೂ ಮಳೆ ನೀರು ಇಳಿಯುವುದಕ್ಕೆ ದಾರಿ ಆಯ್ತು. ತೂತಿನ ಅಂಚಿನಲ್ಲಿ ಬಣ್ಣ ಇರುವುದಿಲ್ಲ. ತುಕ್ಕು ಅಲ್ಲಿಂದಲೇ ಶುರುವಾಗಿ ಬಣ್ಣದ ಅಡಿಯಲ್ಲಿ ಹರಿಯುತ್ತದೆ. ಹರಾಜಿನಲ್ಲಿ ಕೊಂಡವನು ಮತ್ತೆ ಬಣ್ಣ ಹೊಡೆಸುವ ಮೊದಲು ಟಿಂಕರಿಂಗ್ ಶೆಡ್ಡಿಗೆ ತರುತ್ತಾನೆ.

ಕಾರಿನ ಮೈ ಮೊದಲಿಂದಲೂ ಹೀಗೆ ಪೂರಾ ಉಕ್ಕಿನದಾಗಿರಲಿಲ್ಲ. ಕುದುರೆ ಗಾಡಿ ಮಾಡುತ್ತಿದ್ದ ಬಡಗಿಗಳೇ ಮರದ ಚೌಕಟ್ಟು ಕಟ್ಟುತ್ತಿದ್ದರು. ಅಮೆರಿಕದಲ್ಲಿ 1914ರ ಡಾಡ್ಜ್ ಕಾರಿಗೆ ಬಡ್ ಕಂಪನಿ ಪೂರಾ ಉಕ್ಕಿನ ಮೈ ಮಾಡಿಕೊಟ್ಟ ಮೇಲೆ ಆ ಪದ್ಧತಿ ಹಬ್ಬಿತು. ತೂತು ಮುಚ್ಚುವ ಕೆಲಸ ಬಡಗಿಯ ಕೈಯಿಂದ ತಗಡಿನವನ ಕೈಗೆ ಬಂತು.

ಮೊದಲ ಮದ್ದು ಸೀಸ. ಸುಮಾರು ಮೂರು ಪಾಲು ತವರ, ಏಳು ಪಾಲು ಸೀಸ ಕೂಡಿಸಿದ ಕಡ್ಡಿ. ಇದು 183 ಡಿಗ್ರಿ ಸೆಂಟಿಗ್ರೇಡಿನಲ್ಲೇ ಕರಗಲು ಶುರುವಾದರೂ ತಕ್ಷಣ ನೀರಾಗುವುದಿಲ್ಲ, ಒಂದಷ್ಟು ಹೊತ್ತು ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ. ಆಗ ಕೊಬ್ಬು ಸವರಿದ ಮರದ ಹಲಗೆಯಿಂದ ತಗಡಿನ ಮೇಲೆ ತೀಡಬೇಕು. ಆದರೆ ಬರೀ ಉಕ್ಕಿಗೆ ಸೀಸ ಅಂಟುವುದಿಲ್ಲ, ಮೊದಲು ತವರದ ತೆಳು ಪದರ ಹಿಡಿಸಬೇಕು. ಇದೇನು ಹೊಸ ವಿದ್ಯೆಯಲ್ಲ. ಊರೂರು ತಿರುಗುತ್ತಿದ್ದ ಕಲಾಯಿ ಸಾಬರು ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರ ಎರಚಿ, ಅರಳೆಯಿಂದ ತವರ ಒರೆಸುತ್ತಿದ್ದರಲ್ಲ, ತತ್ವ ಅದೇ. ಡೆಟ್ರಾಯಿಟಿನಲ್ಲಿ ಮಾಡಿದರೆ ಅದಕ್ಕೆ ಇಂಜಿನಿಯರಿಂಗ್ ಅಂತ ಹೆಸರು. ನಮ್ಮ ಕೇರಿಯ ಮೂಲೆಯಲ್ಲಿ ತಿದಿ ಒತ್ತಿಕೊಂಡು ಮಾಡಿದರೆ ಹೆಸರೂ ಇಲ್ಲ, ಕೂರೋಕೆ ಜಗುಲಿಯೂ ಇಲ್ಲ.

ಸೀಸದ ಕೆಲಸ ಚೆಂದ, ಸೀಸ ಮಾತ್ರ ವಿಷ. ಹಾಕಿದ ಸೀಸವನ್ನು ಅರದಿಂದ ಉಜ್ಜಿ ಸಮ ಮಾಡಬೇಕಲ್ಲ, ಆ ಪುಡಿ ಉಸಿರಿನಲ್ಲಿ, ಅನ್ನದ ಕೈಯಲ್ಲಿ ಒಳಗೆ ಹೋಗುತ್ತದೆ. ಹೊಟ್ಟೆ ಹಿಂಡುವುದು, ಮಣಿಕಟ್ಟು ಸೋತು ಕೈ ಜೋಲುಬೀಳುವುದು ಇದರ ಲಕ್ಷಣಗಳು. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1910ರ ಹೊತ್ತಿಗೇ ಸೀಸದ ಕಾರ್ಖಾನೆಗಳಿಗೆ ಹೋಗಿ, ಕಾರ್ಮಿಕರ ಮನೆಗಳಿಗೂ ಹೋಗಿ ಈ ರೋಗವನ್ನು ದಾಖಲೆ ಮಾಡಿದ್ದರು. ಗೊತ್ತಿದ್ದೂ ದಶಕಗಳ ಕಾಲ ಕಾರಿನ ಮೈಗೆ ಸೀಸ ತೀಡಿಸಿದರು.

ಇನ್ನೊಂದು ದಾರಿ ಗ್ಯಾಸ್ ಬೆಸುಗೆ. ಆಮ್ಲಜನಕ, ಅಸಿಟಿಲೀನ್ ಕೂಡಿಸಿ ಉರಿಸುವ ಟಾರ್ಚು 1903ರ ಸುಮಾರಿಗೆ ಫ್ರಾನ್ಸಿನಲ್ಲಿ ಬಂತು. ಜ್ವಾಲೆಯ ಕಾವು 3,000 ಡಿಗ್ರಿಗೂ ಮಿಗಿಲು. ಕಾರಿನ ತಗಡೋ ಮಿಲಿಮೀಟರಿನ ಆಸುಪಾಸು. ನೆತ್ತಿಯಂಥ ಅಗಲವಾದ ತಗಡಿಗೆ ಒಂದೇ ಸಮ ಉರಿ ಹಿಡಿದರೆ ಅದು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಆಮೇಲೆ ಯಾವ ಸುತ್ತಿಗೆಗೂ ಬಗ್ಗಲ್ಲ. ಬಲ್ಲವನು ಒಂದು ಚುಕ್ಕಿ ಬೆಸೆದು ಆರಲು ಬಿಡುತ್ತಾನೆ. ಸುತ್ತ ಒದ್ದೆ ಬಟ್ಟೆ ಹಾಸುತ್ತಾನೆ. ಒಳಗಿನ ಛಾವಣಿ ಬಟ್ಟೆಯನ್ನು ಮೊದಲೇ ಇಳಿಸುತ್ತಾನೆ, ಇಲ್ಲದಿದ್ದರೆ ಕಾರೇ ಹತ್ತಿಕೊಂಡು ಉರಿದೀತು. ಕರೆಂಟಿನ ಬೆಸುಗೆ ಬಂದ ಮೇಲೆ ತೂತಿನ ಹಿಂದೆ ತಾಮ್ರದ ತುಂಡು ಒತ್ತಿ ಹಿಡಿಯುವುದು ರೂಢಿಯಾಯಿತು. ಕರಗಿದ ಉಕ್ಕು ತಾಮ್ರಕ್ಕೆ ಅಂಟದು, ತೂತು ಮಾತ್ರ ತುಂಬುತ್ತದೆ.

1955ರಲ್ಲಿ ಅಮೆರಿಕದ ಮಯಾಮಿಯಲ್ಲಿ ಗ್ಯಾರೇಜು ಇಟ್ಟಿದ್ದ ರಾಬರ್ಟ್ ಮೆರ್ಟನ್ ಸ್ಪಿಂಕ್ ಸೀಸಕ್ಕೆ ಬದಲಾಗಿ ಪಾಲಿಯೆಸ್ಟರ್ ಪುಟ್ಟಿ ತಂದರು. ಬಾಂಡೋ ಅಂತ ಅದರ ಹೆಸರು. ರಾಳಕ್ಕೆ ಟಾಲ್ಕ್ ಪುಡಿ ಬೆರೆಸಿದ ಮುದ್ದೆ, ಹಚ್ಚುವ ಮೊದಲು ಗಟ್ಟಿ ಮಾಡುವ ರಸ ಕಲಸಬೇಕು. ಬೆಂಕಿ ಬೇಡ, ಕುಶಲತೆಯೂ ಕಮ್ಮಿ ಸಾಕು. ಸೀಸದಿಂದ ಬಿಡುಗಡೆ ಆಯ್ತು ಅನ್ನುವುದು ನಿಜ. ಆದರೆ ಪುಟ್ಟಿ ಕಲಸುವಾಗ ಸ್ಟೈರೀನ್ ವಾಸನೆ, ಉಜ್ಜುವಾಗ ಬಿಳೀ ಧೂಳು. ಮೂಗಿಗೆ ಕರ್ಚೀಫು ಕಟ್ಟಿಕೊಂಡ ಹುಡುಗನ ರೆಪ್ಪೆ ಬೆಳ್ಳಗಾಗಿರುವುದನ್ನು ನಾವು ಎಷ್ಟು ಶೆಡ್ಡುಗಳಲ್ಲಿ ನೋಡಿಲ್ಲ!

ಪುಟ್ಟಿ ಇನ್ನೊಂದು ಮೋಸಕ್ಕೂ ಬಾಗಿಲು ತೆರೆಯಿತು. ತೂತಿನೊಳಗೆ ರಟ್ಟೋ, ಪೇಪರೋ ತುರುಕಿ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಡೆಲಿವರಿ ದಿನ ಕನ್ನಡಿ ಥರ ಹೊಳೆಯುತ್ತದೆ. ಪುಟ್ಟಿ ನೀರು ಹೀರುತ್ತದೆ. ಹಿಂದೆ ಲೋಹ ಇಲ್ಲದಿದ್ದರೆ ಕೆಳಗಿನಿಂದ ತೇವ ಸೇರಿ, ತುಕ್ಕು ಉಬ್ಬಿ, ಬಣ್ಣದಲ್ಲಿ ಗುಳ್ಳೆ ಏಳುತ್ತದೆ. ಕಡೆಗೆ ಬಿಲ್ಲೆಯ ಹಾಗೆ ಕಳಚಿ ಬೀಳುತ್ತದೆ. ಸರಿಯಾದ ಕೆಲಸ ಅಂದ್ರೆ ಹಳೇ ಬಣ್ಣ ಒಳಗೂ ಹೊರಗೂ ಕೆರೆದು ಹೊಳೆಯುವ ಉಕ್ಕು ಕಾಣಿಸಬೇಕು. ತೂತಿನ ಅಂಚನ್ನು ಮೆಲ್ಲಗೆ ಒಳಕ್ಕೆ ತಟ್ಟಬೇಕು. ಸಣ್ಣದಾದರೆ ಬೆಸೆದು ತುಂಬಬೇಕು, ದೊಡ್ಡದಾದರೆ ಅಷ್ಟೇ ದಪ್ಪದ ತಗಡಿನ ಬಿಲ್ಲೆ ಕತ್ತರಿಸಿ ಕೂರಿಸಬೇಕು. ಆಮೇಲೆ ಅರ, ಆಮೇಲೆ ತೆಳ್ಳಗೆ ಪುಟ್ಟಿ, ಎಮೆರಿ ಕಾಗದ, ಪ್ರೈಮರು. ಬೆಸುಗೆಯ ಹಿಂಬದಿಗೂ ಬಣ್ಣ ಬೇಕು, ಅದನ್ನು ಮರೆಯುವವರೇ ಜಾಸ್ತಿ.

ಹಾಗಂತ ಎಲ್ಲ ತೂತೂ ಬೇಡದ್ದಲ್ಲ. ಬಾಗಿಲ ತಳದಲ್ಲಿ ನೀರು ಸೋರಿಹೋಗಲೆಂದೇ ಇಟ್ಟ ತೂತುಗಳಿರುತ್ತವೆ. ಅವನ್ನೂ ಮುಚ್ಚಿದ ಅತಿ ಜಾಣರ ಕಾರುಗಳ ಬಾಗಿಲು ಒಳಗಿಂದಲೇ ಕೊಳೆಯುತ್ತದೆ.

ಕಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಗೂಟ ಹೋಗುವ ಮೂರು ವರ್ಷ ಮೊದಲೇ ಗೂಟ ಹೊತ್ತವನು ಹೋದ. ಅಳಿದುಳಿದ ಅಂಬಾಸಿಡರ್ ಸಿಕ್ಕರೆ ಹೊರಗಿನ ಹೊಳಪು ನೋಡಬೇಡಿ. ಒಳಗೆ ಕೂತು ಛಾವಣಿ ಬಟ್ಟೆ ಇಳಿಸಿ, ನೆತ್ತಿಯ ತಗಡಿನ ಅಡಿಭಾಗಕ್ಕೆ ಟಾರ್ಚು ಬಿಡಿ. ಮೇಲಿನಿಂದ ಅರ ಉಜ್ಜಿ ಅಳಿಸಿದ ಬೆಸುಗೆ ಕೆಳಗಿನಿಂದ ಹಾಗೇ ಇರುತ್ತದೆ, ಉಂಗುರದ ಹಾಗೆ, ಚುಕ್ಕಿ ಚುಕ್ಕಿಯಾಗಿ. ಒಂದೊಂದು ಚುಕ್ಕಿಯ ನಡುವೆಯೂ ಯಾರೋ ತಗಡು ಆರುವ ತನಕ ಕಾದಿದ್ದಾರೆ.