ಘಾಟಿ ರಸ್ತೆಯ ವಾಹನಗಳಲ್ಲಿ ತಾಪ ನಿಯಂತ್ರಣ

ಭಾರ ಎಳೆದು ಘಟ್ಟ ಹತ್ತಿಳಿಯುವ ವಾಹನದ ಕ್ಲಚ್, ಗೇರ್‌ಬಾಕ್ಸ್ ಮತ್ತು ಬ್ರೇಕುಗಳಲ್ಲಿ ಹುಟ್ಟುವ ಶಾಖವನ್ನು ಹೊರಹಾಕುವ ವಿಧಾನ. ಕರ್ನಾಟಕದಲ್ಲಿ ಇದರ ಅಗತ್ಯ ಎದ್ದು ಕಾಣುವುದು ಬಯಲುಸೀಮೆಯಿಂದ ಕರಾವಳಿಗೆ ಇಳಿಯುವ ಹಾದಿಗಳಲ್ಲಿ. ರಾಷ್ಟ್ರೀಯ ಹೆದ್ದಾರಿ 73 ಅರಸೀಕೆರೆ, ಹಳೇಬೀಡು, ಬೇಲೂರು, ಮೂಡಿಗೆರೆಗಳನ್ನು ಹಾದು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತದೆ. ಹೆದ್ದಾರಿ 75 ಸಕಲೇಶಪುರದಿಂದ ಶಿರಾಡಿ ಘಾಟಿಯನ್ನು ಇಳಿಯುತ್ತದೆ.

10 ಟನ್ ತೂಕದ ಲಾರಿ 800 ಮೀಟರ್ ಕೆಳಗಿಳಿದರೆ ಸುಮಾರು 78 ಮೆಗಾಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. 30 ಲೀಟರ್ ನೀರನ್ನು ಕುದಿಸಿ ಪೂರ್ತಿ ಆವಿ ಮಾಡಲು ಅಷ್ಟು ಸಾಕು. ಬ್ರೇಕ್ ಹಿಡಿದಾಗ ಶಾಖವಾಗುವ ಈ ಶಕ್ತಿಯನ್ನು ಇಲ್ಲವಾಗಿಸಲು ಬರುವುದಿಲ್ಲ. ಎಣ್ಣೆಗೋ ನೀರಿಗೋ ದಾಟಿಸಿ ಕೊನೆಗೆ ಗಾಳಿಗೆ ಬಿಡಬೇಕು.

ಎತ್ತಿನ ಗಾಡಿಯಲ್ಲಿ ಬಿಸಿಯಾಗುತ್ತಿದ್ದುದು ಅಚ್ಚು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿದ ಕೀಲೆಣ್ಣೆಯೇ ಅದಕ್ಕೆ ಮದ್ದು.

1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ–ಮರ್ಸಿಡಿಸ್ ಲಾರಿಗಳ ತಯಾರಿಕೆ ಆರಂಭವಾಯಿತು. ಕೈಯಲ್ಲಿ ಗೇರ್ ಬದಲಿಸುವ ಇಂಥ ಲಾರಿಗಳಲ್ಲಿ ಹಲ್ಲುಚಕ್ರಗಳು ಎರಚುವ ಗೇರ್ ಆಯಿಲ್ ಶಾಖವನ್ನು ಪೆಟ್ಟಿಗೆಯ ಗೋಡೆಗೆ ಮುಟ್ಟಿಸುತ್ತದೆ. ಗೋಡೆಯನ್ನು ಗಾಳಿ ತಣಿಸುತ್ತದೆ. ಏರಿನಲ್ಲಿ ಹೆಚ್ಚು ಅಪಾಯ ಕ್ಲಚ್ಚಿಗೆ: ಅರ್ಧ ಒತ್ತಿ ಹಿಡಿದರೆ ಪ್ಲೇಟ್ ಜಾರಿ ಸುಡುತ್ತದೆ. ಇಳಿಜಾರಿನಲ್ಲಿ ಕಾಯುವುದು ಬ್ರೇಕ್ ಡ್ರಮ್. ಎಂಜಿನ್ನನ್ನೇ ತಡೆಯಾಗಿಸುವ ಎಕ್ಸಾಸ್ಟ್ ಬ್ರೇಕ್ ಈ ಹೊರೆಯನ್ನು ಇಳಿಸಿತು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಸಮಸ್ಯೆ ಬೇರೆ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ದ್ರವಚಾಲಿತ ಜೋಡಣೆ ಅದರ ಮೂಲ. ಅಮೆರಿಕದ ಹೈಡ್ರಾಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಬಂದಿತು. ಎಂಜಿನ್ನಿನ ಬಲವನ್ನು ದ್ರವದ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗೆ ದ್ರವ ಜಾರುವುದರಿಂದಲೇ ಶಾಖ ಹುಟ್ಟುತ್ತದೆ. ಟ್ರೇಲರ್ ಎಳೆದು ಏರು ಹತ್ತುವಾಗ ಅದು ಏರುತ್ತಲೇ ಹೋಗುತ್ತದೆ. ಸುಮಾರು 80–95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಷೇಮವಾಗಿರುವ ಎಣ್ಣೆ 120 ಡಿಗ್ರಿ ದಾಟಿದರೆ ಬೇಗ ಕೆಡುತ್ತದೆ. ಅದಕ್ಕೆಂದೇ ಎಣ್ಣೆಯನ್ನು ರೇಡಿಯೇಟರಿಗೋ ಪ್ರತ್ಯೇಕ ಕೂಲರಿಗೋ ಹಾಯಿಸುತ್ತಾರೆ. ಜಾರುವಿಕೆಯನ್ನೇ ತಪ್ಪಿಸುವ ಲಾಕ್‌ಅಪ್ ಕ್ಲಚ್ಚನ್ನು ಪ್ಯಾಕರ್ಡ್ ಕಂಪನಿ 1949ರಲ್ಲಿ ತಂದಿತು.

ಘಟ್ಟ ಇಳಿಯುವ ರೈಲಿಗೂ ಇದೇ ಶಾಖದ ಸಮಸ್ಯೆ. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ಮೀಟರ್‌ಗೇಜಿನಲ್ಲಿ ಪೂರ್ಣಗೊಂಡಿತು. ಬ್ರಾಡ್‌ಗೇಜ್ ಆದ ಮೇಲೆ 2006ರಲ್ಲಿ ಸರಕು ಸಂಚಾರ ಮರಳಿತು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ; ಪ್ರತಿ 50 ಮೀಟರಿಗೆ 1 ಮೀಟರ್ ಏರು. ಡೀಸೆಲ್–ಎಲೆಕ್ಟ್ರಿಕ್ ಎಂಜಿನ್ನಿನಲ್ಲಿ ಗೇರ್ ಬದಲಿಸುವ ಪೆಟ್ಟಿಗೆಯೇ ಇಲ್ಲ. ಅಚ್ಚುಗಳನ್ನು ತಿರುಗಿಸುವ ಮೋಟರುಗಳು ಕಾಯದಂತೆ ಬ್ಲೋವರುಗಳು ಗಾಳಿ ಊದುತ್ತವೆ. ಇಳಿಯುವಾಗ ಅದೇ ಮೋಟರುಗಳು ವಿದ್ಯುತ್ ಉತ್ಪಾದಿಸಿ ರೈಲನ್ನು ತಡೆಯುತ್ತವೆ. ಆ ವಿದ್ಯುತ್ ಎಂಜಿನ್ನಿನ ರೋಧಕ ಜಾಲಗಳಲ್ಲಿ ಶಾಖವಾಗಿ ಗಾಳಿ ಸೇರುತ್ತದೆ.

2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದ ಬಳಿಕ ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಿದ್ದು, ಶಿರಾಡಿಯ ಮೇಲಿನ ಹೊರೆ ಹೆಚ್ಚಿತು. ಕೀಲೆಣ್ಣೆಯಿಂದ ಆಯಿಲ್ ಕೂಲರಿನವರೆಗೆ ಸಾಧನಗಳು ಬದಲಾದವು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಚಾಲಕರ ನಿಯಮ ಇಂದಿಗೂ ಘಾಟಿಯ ಮೊದಲ ರಕ್ಷಣೆ.