ಆಕಾಶಬುಟ್ಟಿಯ ಬಿದಿರು ಎಲ್ಲಿ ಹೋಯ್ತು?

ನಮ್ಮೂರ ಇತಿಹಾಸ, ಭಾಗ 6

ದೀಪಾವಳಿಗೆ ಮನೆ ಮುಂದೆ ತೂಗುಹಾಕೋ ದೀಪದ ಹೆಸರು ಗಮನಿಸಿದ್ದೀರಾ? ಆಕಾಶ'ಬುಟ್ಟಿ'. ಬಿದಿರು ಸೀಳಿ, ಕಡ್ಡಿ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಒಳಗೆ ದೀಪ ಇಟ್ಟರೆ ಮುಗೀತು. ಬೇಕಾಗಿರೋದು ಎರಡೇ ವಸ್ತು: ಬಿದಿರು, ಕಾಗದ. ನಮ್ಮ ಜಿಲ್ಲೆಯಲ್ಲಿ ಈ ಎರಡಕ್ಕೂ ಒಂದೇ ಕಾಡಿನ ಮೇಲೆ ಕಣ್ಣಿತ್ತು.

ಬಿದಿರು ಹೆಣೆಯೋದು ಮೇದಾರರ ಕುಲಕಸುಬು. ಬುಟ್ಟಿ, ಮೊರ, ತಟ್ಟಿ, ತೊಟ್ಟಿಲು ಎಲ್ಲಾ ಅವರ ಕೈಯಿಂದಲೇ. 12ನೇ ಶತಮಾನದ ಶರಣ ಮೇದಾರ ಕೇತಯ್ಯನವರ ಕಾಯಕವೂ ಇದೇ.

1936ರಲ್ಲಿ ಭದ್ರಾವತಿಗೆ ಮೈಸೂರು ಕಾಗದ ಕಾರ್ಖಾನೆ ಬಂತು. ನಮ್ಮ ಬಾಯಲ್ಲಿ ಎಂಪಿಎಂ. ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು, ಅದು ಸುಳ್ಳಲ್ಲ. ಆದರೆ ಅದರ ಕಚ್ಚಾವಸ್ತು ಕೂಡ ಬಿದಿರೇ.

ಬಿಕಾಂನವರು ಇಲ್ಲಿ ನೋಡಿ. 1958ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಬಿದಿರು ಕೊಟ್ಟಿದ್ದು ಟನ್ನಿಗೆ ಒಂದೂವರೆ ರೂಪಾಯಿಗೆ! ಮೇದಾರರು ಮಾರುಕಟ್ಟೆಯಲ್ಲಿ ಕೊಡಬೇಕಾಗಿದ್ದು ಅದರ ಎಷ್ಟೋ ಪಟ್ಟು. ಕಚ್ಚಾವಸ್ತು ಹೆಚ್ಚುಕಮ್ಮಿ ಪುಕ್ಕಟೆ ಸಿಕ್ಕರೆ ಅದನ್ನ ಉಳಿಸಿ ಬಳಸೋರು ಯಾರು?

1970ರ ದಶಕದಲ್ಲಿ ಮೇದಾರರ ಗೋಳು ಸರ್ಕಾರಕ್ಕೆ ಮುಟ್ಟಿತು. ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ತಂಡ ಕಾಡಿಗಿಳಿದು ನೋಡಿದರು. ಬಿದಿರು ಮೆಳೆಯ ಬುಡದಲ್ಲಿನ ಮುಳ್ಳು ಸವರಿ 'ಸ್ವಚ್ಛ' ಮಾಡ್ತಿದ್ರು. ಮುಳ್ಳಿನ ಕಾವಲು ಹೋದಮೇಲೆ ಎಳೆ ಕಳಲೆ ದನ, ಕಾಡುಪ್ರಾಣಿಗಳ ಪಾಲಾಯ್ತು. ಹೊಸ ಬಿದಿರು ಏಳಲೇ ಇಲ್ಲ. ಮುಳ್ಳು ಯಾಕಿರಬೇಕು ಅನ್ನೋದು ಊರಿನ ಜನಕ್ಕೆ ಮೊದಲೇ ಗೊತ್ತಿತ್ತು.

ಮುಂದೆ ಕಾಗದಕ್ಕಾಗಿ ನೀಲಗಿರಿ, ಅಕೇಶಿಯಾ ಬಂದವು. 1980ರಲ್ಲಿ ಎಂಪಿಎಂಗೆ 40 ವರ್ಷದ ಗುತ್ತಿಗೆಗೆ ಅರಣ್ಯಭೂಮಿ ಸಿಕ್ಕಿತು. ಅಕೇಶಿಯಾ ಸೀಳಿ ಬುಟ್ಟಿ ಹೆಣೆಯೋಕಾಗುತ್ತಾ? 2020ರಲ್ಲಿ ಗುತ್ತಿಗೆ ಮುಗಿಯೋ ಹೊತ್ತಿಗೆ ಕಾರ್ಖಾನೆಯೇ ನಿಂತುಹೋಗಿತ್ತು. ಅಕೇಶಿಯಾ ಮಾತ್ರ ನಿಂತೇ ಇತ್ತು.

ಇದು ನಮ್ಮೊಬ್ಬರ ಕಥೆಯಲ್ಲ. ದಕ್ಷಿಣ ಅಮೆರಿಕದ ಚಿಲಿಯಲ್ಲಿ ಮಪುಚೆ ಅನ್ನೋ ಮೂಲನಿವಾಸಿಗಳು ಕಾಡುಬಳ್ಳಿಯಿಂದ ಬುಟ್ಟಿ ಹೆಣೀತಾರೆ. ಅದೇ ಹೆಣಿಗೆಯಲ್ಲಿ ಈಗ ದೀಪಗಳೂ ಬರ್ತಿವೆ. ಅಲ್ಲೂ ಕಾಡಿನ ಜಾಗಕ್ಕೆ ಪೈನ್, ನೀಲಗಿರಿ ತೋಪು ಬಂದು ಬಳ್ಳಿ ಸಿಗೋದು ಕಷ್ಟವಾಗಿದೆ.

ಕಸುಬು ಸಾಯೋದು ಕೈ ಮರೆತಿದ್ದಕ್ಕೆ ಅಂತೀವಿ. ಕೈ ಮರೆತಿಲ್ಲ, ಕೈಗೆ ಬಿದಿರು ಸಿಗಲಿಲ್ಲ.

ಈ ಸಲ ಆಕಾಶಬುಟ್ಟಿ ತಗೊಳ್ಳುವಾಗ ಚೌಕಾಸಿಗೆ ಮುಂಚೆ ಒಂದು ಮಾತು ಕೇಳಿ: 'ಬಿದಿರು ಎಲ್ಲಿಂದ ತಂದ್ರಿ, ಒಂದು ಬೊಂಬಿಗೆ ಎಷ್ಟು ಕೊಟ್ರಿ?' ಸಿಕ್ಕ ಉತ್ತರ ಕಾಮೆಂಟಲ್ಲಿ ಹಾಕಿ.

#ಆಕಾಶಬುಟ್ಟಿ #ಭದ್ರಾವತಿ #ಶಿವಮೊಗ್ಗ #ನಮ್ಮೂರಇತಿಹಾಸ